ಅಯ್ಯಾವೊಳೆ ಐನೂರ್ವರು ಮತ್ತು ಪರದೇಶಿ ವರ್ತಕರ ಶಿಕ್ಷಣ

ಪರರಾಷ್ಟ್ರಗಳ ಉದ್ಯಮಾಸಕ್ತರನ್ನು ಬರಮಾಡಿಕೊಂಡು, ಹೊಸ ಉದ್ಯಮಗಳನ್ನು ಸ್ಥಾಪಿಸುವ ವಿಷಯದಲ್ಲಿ ಅವರಿಗೆ ಶಿಕ್ಷಣವೀಯುವ ಪದ್ಧತಿಯು ಈಗ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ರೂಢಿಗೆ ಬಂದಿದೆ. ಭಾರತ ಸರಕಾರವು 1964ರಲ್ಲಿ ಆರಂಭಿಸಿದ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಯೋಜನೆಯ ಮೂಲಕ ಪರದೇಶಗಳವರಿಗೆ ನಮ್ಮ ಸಂಸ್ಥೆಗಳಲ್ಲಿ ತರಬೇತು ದೊರೆಯುತ್ತಿದೆ. ಇದನ್ನು ಕಂಡವರಿಗೆ, ಹುನಗುಂದ ತಾಲ್ಲೂಕಿನ ಐಹೊಳೆಯೂ ಹಿಂದೊಮ್ಮೆ ಇಂತಹುದೇ ಒಂದು ವಾಣಿಜ್ಯ ವಿಶ್ವವಿದ್ಯಾನಿಲಯವಾಗಿತ್ತೆಂದು ಹೇಳಬೇಕೆನಿಸುವುದು ಸಹಜ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಶಾಸನಗಳ ಆಧಾರದಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ರಿ.ಶ. 543ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿ ಮಾಡಿಕೊಂಡ ಚಾಳುಕ್ಯರ ಕಾಲದಲ್ಲಿಯೇ ಮಲಪ್ರಭೆಯ ದಡದ ಐಹೊಳೆಯು ಪ್ರಸಿದ್ಧಿಗೆ ಬಂದಿತು. ಇಲ್ಲಿಯ ಮೇಗುತಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಲಾಡಖಾನ ದೇವಾಲಯದ ಎಂಟನೆಯ ಶತಮಾನದ ಶಾಸನವು ಈ ಊರಿನ ಐನೂರ್ವರನ್ನು ಹೆಸರಿಸುತ್ತದೆ. ಅವರು ಚತುರ್ವೇದಿಗಳಾದ ಮಹಾಜನರು. ಮುಂದಿನ ಶತಮಾನಗಳಲ್ಲಿ ಅದೇ ಊರಿನ ಹೆಸರನ್ನೂ ಅದೇ ಸಂಖ್ಯೆಯನ್ನೂ ಧರಿಸಿದ ವರ್ತಕಸಂಘವೊಂದು ದಕ್ಷಿಣಾಪಥದಲ್ಲೆಲ್ಲ ಹಬ್ಬಿತು. ವಿದ್ವತ್ಸಭೆಯ ಹೆಸರು ವರ್ತಕರಿಗೆ ಸಂದುದೇಕೆ? ನಮ್ಮ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ.

ಆ ಕಾಲದ ವಿದ್ಯಾಸ್ಥಾನಗಳಲ್ಲಿ ಏನನ್ನು ಕಲಿಸುತ್ತಿದ್ದರೆಂಬುದಕ್ಕೆ ಸ್ಪಷ್ಟವಾದ ಆಧಾರಗಳುಂಟು. ಕ್ರಿ.ಶ. 1058ರ ನಾಗಾವಿ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳು ವೇದ ಶಾಸ್ತ್ರಗಳನ್ನು ಅಧ್ಯಯನ ಮಾಡುತ್ತಿದ್ದುದನ್ನೂ, ಆರು ಮಂದಿ ಸರಸ್ವತೀ ಭಂಡಾರಿಗಳಿದ್ದುದನ್ನೂ ತಿಳಿಸುತ್ತದೆ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣಗಳ ಪಟ್ಟಿಯಿದೆ. ದೀನಾನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದ ಮಾತಿದೆ. ಹುಂಡಿ, ತೂಕ, ಸುಂಕಗಳ ವಿದ್ಯೆಯು ಈ ಪಟ್ಟಿಗೆ ಸೇರಿದುದಲ್ಲ. ಆದುದರಿಂದ ಮಹಾಜನರ ಸಭೆಯೇ ವ್ಯಾಪಾರವನ್ನು ಬೋಧಿಸುತ್ತಿದ್ದಿತೆಂಬ ಊಹೆಗೆ ನಾವು ಎಡೆಗೊಡಲಾರೆವು.

ವ್ಯಾಪಾರದ ಶಿಕ್ಷಣ ನಡೆದುದು ಸಂಘದೊಳಗೆ. ಶಿಕಾರಿಪುರ ತಾಲ್ಲೂಕಿನ ಪ್ರಸಿದ್ಧ ಪ್ರಶಸ್ತಿಶಾಸನವೊಂದು ಈ ವರ್ತಕರು ನೆಲದ ದಾರಿ ನೀರ ದಾರಿಗಳಲ್ಲಿ ಸಂಚರಿಸಿದುದನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸಗಳ ಜೊತೆಗೆ ಏಕಪಾದ, ಲಂಬಕರ್ಣ, ಸ್ತ್ರೀರಾಜ್ಯಗಳೂ ಆ ಪಟ್ಟಿಯಲ್ಲಿರುವುದರಿಂದ ಅದನ್ನು ಅಕ್ಷರಶಃ ನಂಬುವಂತಿಲ್ಲ. ಆದರೆ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ಸಗಟಾಗಿ ಮಾರುವವರೂ ಹೆಗಲ ಮೇಲೆ ಹೊತ್ತು ಮಾರುವವರೂ ಒಂದೇ ಸಂಘದವರೆಂಬ ಮಾತು ಗಮನಾರ್ಹ. ಕಿರಿಯನು ಹಿರಿಯನೊಡನೆ ದಾರಿ ನಡೆದು ಕಲಿಯುವುದಕ್ಕೆ ಇಂತಹ ಸಂಘದಲ್ಲಿ ಅವಕಾಶವಿದ್ದಿತೆಂದು ನಾವು ಭಾವಿಸುತ್ತೇವೆ.

ಈ ಸಂಘದಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ವರ್ಗಗಳಿದ್ದುವು. ಹೊರನಾಡಿನವನೂ ಸಂಘದ ಹೆಸರನ್ನು ಧರಿಸಬಹುದಾಗಿತ್ತು. ತಮಿಳು ಶಾಸನಗಳಲ್ಲಿ ಈ ವರ್ತಕರು ತಮ್ಮನ್ನು ಅಯ್ಯಾವೊಳೆಯ ಪರಮೇಶ್ವರಿಯ ಮಕ್ಕಳೆಂದು ಕರೆದುಕೊಂಡಿದ್ದಾರೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ ದೊರೆತ ಕ್ರಿ.ಶ. 1088ರ ತಮಿಳು ಶಾಸನವು ಐನೂರ್ವರದೇ. ಹಡಗಿನವರು ಹೊನ್ನಿನಲ್ಲಿ ಸಲ್ಲಿಸಬೇಕಾದ ಕಾಣಿಕೆಯ ಕಟ್ಟಳೆಯನ್ನು ಅದು ವಿಧಿಸುತ್ತದೆ. ಬರ್ಮಾ ದೇಶದ ಪಗಾನಿನಲ್ಲಿ ಹದಿಮೂರನೆಯ ಶತಮಾನದ ಮಲೆಯಾಳದ ವರ್ತಕನೊಬ್ಬನು ದಾನವಿತ್ತ ವಿಷ್ಣುವಿನ ಆಲಯಕ್ಕೆ ನಾನಾದೇಶಿಯ ಹೆಸರೇ ಇದ್ದಿತು. ಮಲಪ್ರಭೆಯನ್ನು ಕಣ್ಣಾರೆ ಕಾಣದವರೂ ಐಹೊಳೆಯವರಾದರೆಂದ ಮೇಲೆ, ಅವರನ್ನು ಕೂಡಿಸಿದುದು ಕುಲವೂ ಅಲ್ಲ, ಭಾಷೆಯೂ ಅಲ್ಲ. ಶಾಸನಗಳು ಬಣಂಜುಧರ್ಮವೆಂದು ಕರೆಯುವ ಸಾಮಾನ್ಯ ನಿಯಮವೇ.

ಮೊದಲ ಪ್ರಶ್ನೆಗೆ ಉತ್ತರವು ಇಲ್ಲಿ ದೊರೆಯುವಂತೆ ತೋರುತ್ತದೆ. ವರ್ತಕರು ಮಹಾಜನರಿಂದ ಪಡೆದುದು ವ್ಯಾಪಾರವಿದ್ಯೆಯನ್ನಲ್ಲ, ಸಭೆಯ ಮರ್ಯಾದೆಯನ್ನು. ಗೊತ್ತಾದ ಸಂಖ್ಯೆ, ವೀರಶಾಸನ, ಗುಡ್ಡಧ್ವಜ, ಧರ್ಮ ಎಂಬ ಲಾಂಛನಗಳೆಲ್ಲ ಅಪರಿಚಿತನ ಮಾತಿಗೂ ಪೇಟೆಯಲ್ಲಿ ಬೆಲೆ ತಂದುಕೊಟ್ಟುವು. ಪರದೇಶದ ವರ್ತಕನಿಗೆ ಬೇಕಾದುದು ವಿದ್ಯೆಗಿಂತ ಮೊದಲು ಈ ನಂಬಿಕೆ.

ಇಂದಿನ ತರಬೇತುಗಳಿಗೂ ಈ ವಿಚಾರವು ಅನ್ವಯಿಸುತ್ತದೆ. ಪಾಠದಿಂದ ಲೆಕ್ಕವನ್ನೂ ಕಾನೂನನ್ನೂ ಕಲಿಸಬಹುದು. ಪೇಟೆಯ ನಂಬಿಕೆಯನ್ನು ಪ್ರಮಾಣಪತ್ರವೊಂದೇ ತಂದುಕೊಡಲಾರದು. ಐಹೊಳೆಗೆ ಸಮೀಪದ ಇಳಕಲ್ಲಿನಲ್ಲಿ ಸೀರೆಯ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುವ ಕೈಚಳಕವು ಮಗ್ಗದಿಂದ ಮಗ್ಗಕ್ಕೆ, ಹಿರಿಯರಿಂದ ಕಿರಿಯರಿಗೆ ಸಾಗಿ ಬಂದಿದೆ. ದೂರದ ದೇಶದಿಂದ ಬಂದವನಿಗೆ ಉದ್ಯಮವನ್ನು ಕಲಿಸಹೊರಟ ಕಾಲೇಜು, ಆ ನೇಕಾರನನ್ನೂ ಅವನ ಸರಕನ್ನು ಕೊಳ್ಳುವ ಸಾಹುಕಾರನನ್ನೂ ಗುರುಗಳೆಂದು ಬಗೆದು ವಿದ್ಯಾರ್ಥಿಯನ್ನು ಅವರ ಬಳಿಗೆ ಕರೆದೊಯ್ಯಬೇಕು. ಐಹೊಳೆಯನ್ನು ವಿಶ್ವವಿದ್ಯಾನಿಲಯವೆಂದು ಕೊಂಡಾಡುವುದಕ್ಕಿಂತ, ವಿದ್ವತ್ಸಭೆಯೂ ವರ್ತಕಸಂಘವೂ ಒಂದೇ ಹೆಸರಿನ ಗೌರವವನ್ನು ಹಂಚಿಕೊಂಡ ಊರೆಂದು ಅದನ್ನು ಅರಿಯುವುದು ಇತಿಹಾಸಕ್ಕೆ ಹೆಚ್ಚು ಸಮೀಪವಾದುದು. ಇಂದಿನ ಶಿಕ್ಷಣಕ್ಕೆ ಹೆಚ್ಚು ಉಪಯುಕ್ತವೂ ಹೌದು.