ತಲೆಗಂದಾಯದ ರಸೀದಿ

1987ರ ಜನವರಿಯಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ನಡೆದಾಗ ನಮ್ಮವ್ವ ಒಂದು ಮಾತು ಹೇಳಿದ್ದಳು: "ದೊಡ್ಡ ಓಟಿಗೆ ಜೀಪು ಕಳಿಸ್ತಾರೆ ಕಣಪ್ಪ, ಸಣ್ಣ ಓಟಿಗೆ ಕಣ್ಣು ಬಿಡ್ತಾರೆ." ಡೆಲ್ಲಿಗೆ ಯಾರು ಹೋದರೂ ನಮ್ಮೂರ ಯಜಮಾನರಿಗೆ ಅಂಥ ನಷ್ಟವೇನಿಲ್ಲ. ಆದರೆ ಬೋರ್‌ವೆಲ್ ಯಾವ ಬೀದಿಗೆ, ದೀಪದ ಕಂಬ ಕೇರಿಯೊಳಕ್ಕೆ ಬರಬೇಕೋ ಬೇಡವೋ, ಇದನ್ನು ತೀರ್ಮಾನಿಸುವುದು ಸಣ್ಣ ಓಟು. ಆ ಸಲ ಅವ್ವನ ಹೆಸರು ಪಕ್ಕದೂರಿನ ಪಟ್ಟಿಗೆ ಸೇರಿಹೋಗಿತ್ತು. ತಿದ್ದಿಸುವ ದಿನ ಯಾವತ್ತೋ ಮುಗಿದಿತ್ತು. ಕೇರಿಗೆ ಬಂದು ಹೇಳಿದವರಿರಲಿಲ್ಲ.

ಅಮೆರಿಕದ ವರ್ಜೀನಿಯಾ ರಾಜ್ಯದ ಚರಿತ್ರೆ ಓದುವಾಗ ನನಗೆ ಈ ಮಾತು ಮತ್ತೆಮತ್ತೆ ನೆನಪಾಯಿತು. ಅಲ್ಲಿ ಅಧ್ಯಕ್ಷರ ಚುನಾವಣೆ ಆದ ಮರುವರ್ಷ, ಅಂದರೆ ಬೆಸವರ್ಷದಲ್ಲಿ, ಗವರ್ನರ್ ಚುನಾವಣೆ ನಡೆಯುತ್ತದೆ. ದೇಶದ ಗದ್ದಲವೆಲ್ಲ ಅಡಗಿ ಜನ ಸುಸ್ತಾಗಿರುವ ಹೊತ್ತು ಅದು. ಶಾಲೆ, ಪೊಲೀಸು, ರಸ್ತೆ ಎಲ್ಲ ಯಾರ ಕೈಯಲ್ಲಿರಬೇಕು ಅನ್ನುವುದು ಇಂಥ ಸದ್ದಿಲ್ಲದ ವರ್ಷಗಳಲ್ಲೇ ನಿಶ್ಚಯವಾಗುತ್ತಿತ್ತು.

1902ರಲ್ಲಿ ವರ್ಜೀನಿಯಾದ ಬಿಳಿಯರು ಹೊಸ ಸಂವಿಧಾನ ಬರೆದರು. ಅದನ್ನು ಜನರ ಓಟಿಗೆ ಹಾಕಲಿಲ್ಲ, ಸುಮ್ಮನೆ ಘೋಷಿಸಿಬಿಟ್ಟರು. ಕಪ್ಪು ಜನರನ್ನು ಹೊರಗಿಡುವುದೇ ತಮ್ಮ ಉದ್ದೇಶ ಅಂತ ಕಾರ್ಟರ್ ಗ್ಲಾಸ್ ಎಂಬ ಮುಖಂಡ ಸಭೆಯಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದ. ಆದರೆ ಕಾನೂನಿನಲ್ಲಿ 'ಕಪ್ಪು' ಅನ್ನುವ ಪದವನ್ನು ತರುವಂತಿರಲಿಲ್ಲ. ಅದರ ಬದಲು ಓಟಿಗೆ ಮುಂಚಿನ ಸಿದ್ಧತೆಯನ್ನೇ ಬೇಲಿ ಮಾಡಿದರು. ವರ್ಷಕ್ಕೆ ಒಂದೂವರೆ ಡಾಲರ್ ತಲೆಗಂದಾಯ. ಓಟು ಹಾಕಬೇಕಾದರೆ ಹಿಂದಿನ ಮೂರು ವರ್ಷದ್ದೂ ಚುಕ್ತಾ ಆಗಿರಬೇಕು. ಅದೂ ಚುನಾವಣೆಗೆ ಆರು ತಿಂಗಳು ಮುಂಚೆ. ನವೆಂಬರಿನ ಓಟಿಗೆ ಮೇ ತಿಂಗಳ ಆರಂಭದೊಳಗೆ ದುಡ್ಡು ಕಟ್ಟಬೇಕು! ಮೇ ತಿಂಗಳಲ್ಲಿ ಕೂಲಿಯವಳಿಗೆ ಯಾವ ಚುನಾವಣೆಯ ನೆನಪಿರುತ್ತದೆ?

ಇದರಲ್ಲಿ ಒಂದು ಕುಯುಕ್ತಿ ಇದೆ. ಬಾಕಿ ಮೂರು ವರ್ಷ ದಾಟುವವರೆಗೆ ಈ ಕಂದಾಯವನ್ನು ಕಾನೂನಿನ ಬಲದಿಂದ ವಸೂಲಿ ಮಾಡಕೂಡದು ಅಂತ ಅದೇ ಸಂವಿಧಾನ ಹೇಳಿತು. ಸರ್ಕಾರಕ್ಕೆ ಬೇಕಾಗಿದ್ದದ್ದು ದುಡ್ಡಲ್ಲ, ಬಾಕಿ. ಬಾಕಿ ಉಳಿಸಿಕೊಂಡವನು ತಾನಾಗಿಯೇ ಹೊರಗೆ. ಇದರ ಜೊತೆಗೆ, ಹೆಸರು ಸೇರಿಸಲು ಹೋದವರು ಯಾರ ನೆರವೂ ಇಲ್ಲದೆ, ಯಾವ ಚೀಟಿಯನ್ನೂ ನೋಡದೆ, ಅಧಿಕಾರಿಯ ಎದುರೇ ಸ್ವಂತ ಕೈಬರಹದಲ್ಲಿ ಅರ್ಜಿ ಬರೆಯಬೇಕಿತ್ತು: ವಯಸ್ಸು, ಹುಟ್ಟಿದ ಊರು, ಉದ್ಯೋಗ, ಹಿಂದೆ ಎಲ್ಲಿ ಓಟು ಹಾಕಿದ್ದು. ಬಡ ಬಿಳಿಯರೂ ಈ ಬೇಲಿಗೆ ಸಿಕ್ಕಿಬಿದ್ದರು. ಹ್ಯಾರಿ ಬರ್ಡ್ ಎಂಬ ನಾಯಕನ ಪಟಾಲಮ್ಮು ದಶಕಗಟ್ಟಲೆ ಆಳಿದ್ದು ಇಂಥ ಕಿರಿದಾದ ಪಟ್ಟಿಯ ಮೇಲೆ. ಡೆಮೊಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಗೆದ್ದವನೇ ಗವರ್ನರ್ ಆಗುತ್ತಿದ್ದ ಕಾಲ ಅದು. 1925ರಿಂದ 1945ರವರೆಗೆ ಆ ಒಳಚುನಾವಣೆಗಳಲ್ಲಿ ಓಟು ಹಾಕಿದ ವಯಸ್ಕರು ಸರಾಸರಿ ನೂರಕ್ಕೆ ಹನ್ನೆರಡರಷ್ಟೂ ಇರಲಿಲ್ಲ.

1964ರ ಜನವರಿಯಲ್ಲಿ 24ನೇ ತಿದ್ದುಪಡಿ ಬಂತು. ಅಧ್ಯಕ್ಷರ ಮತ್ತು ಕಾಂಗ್ರೆಸ್ಸಿನ ಚುನಾವಣೆಗೆ ತಲೆಗಂದಾಯ ಕೇಳುವಂತಿಲ್ಲ. ವರ್ಜೀನಿಯಾದ ಯಜಮಾನರು ಮೊದಲೇ ಎಚ್ಚೆತ್ತಿದ್ದರು. ದುಡ್ಡು ಕಟ್ಟದವರು ಆರು ತಿಂಗಳು ಮುಂಚೆ ವಾಸದ ಪ್ರಮಾಣಪತ್ರ ಸಲ್ಲಿಸಬೇಕು ಅಂತ ಹೊಸ ನಿಯಮ ಮಾಡಿದರು. ಅದನ್ನು 1965ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಆದರೂ ರಾಜ್ಯದ, ಊರಿನ ಚುನಾವಣೆಗೆ ಕಂದಾಯ ಉಳಿದೇ ಇತ್ತು. ದೇಶದ ಅಧ್ಯಕ್ಷನನ್ನು ಆರಿಸಲು ಪುಕ್ಕಟೆ, ಊರಿನ ಕೌನ್ಸಿಲ್ ಸದಸ್ಯನನ್ನು ಆರಿಸಲು ರಸೀದಿ! ಅದೇ ವರ್ಷ ಆಗಸ್ಟಿನ ಮತದಾನ ಹಕ್ಕು ಕಾಯಿದೆ ಕೂಡ ಇದನ್ನು ನೇರವಾಗಿ ರದ್ದು ಮಾಡಲಿಲ್ಲ, ಕೋರ್ಟಿಗೆ ಹೋಗಲು ಹೇಳಿತು.

ಕೋರ್ಟಿಗೆ ಆಗಲೇ ಹೋಗಿದ್ದವರಲ್ಲಿ ಒಬ್ಬಳು ನಾರ್‌ಫೋಕ್ ಊರಿನ ದರ್ಜಿ, ಎವೆಲಿನ್ ಬಟ್ಸ್. ಗಂಡ ಯುದ್ಧದಿಂದ ಅಂಗವಿಕಲನಾಗಿ ಬಂದವನು, ಮೂರು ಹೆಣ್ಣುಮಕ್ಕಳು, ಮನೆ ನಡೆಯುತ್ತಿದ್ದದ್ದು ಹೊಲಿಗೆಯಿಂದ. 1963ರಲ್ಲಿ ಅವಳು ದಾವೆ ಹೂಡಿದಳು. ಇನ್ನೊಬ್ಬಳು ಫೇರ್‌ಫ್ಯಾಕ್ಸ್‌ನ ಆನಿ ಹಾರ್ಪರ್, ಮನೆಗೆಲಸ ಮಾಡಿ ನಿವೃತ್ತಳಾದವಳು. ಕೆಳಗಿನ ಕೋರ್ಟು ಇವರನ್ನು ವಾಪಸ್ಸು ಕಳಿಸಿತು. 1966ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಿಂದ ಇವರ ಪರ ತೀರ್ಪು ಕೊಟ್ಟಿತು. ಓಟಿಗೂ ದುಡ್ಡಿಗೂ ಸಂಬಂಧವಿಲ್ಲ ಅನ್ನುವುದು ಅದರ ಸಾರ. ತೀರ್ಪಿಗೆ ಉಳಿದದ್ದು ಹಾರ್ಪರ್ ಹೆಸರು. ಬಟ್ಸ್ ಮಾತ್ರ ತನ್ನ ಊರಿನ ಕಪ್ಪು ಜನರನ್ನು ಪಟ್ಟಿಗೆ ಸೇರಿಸುವ ಕೆಲಸ ಮುಂದುವರಿಸಿದಳು. 1989ರ ಬೆಸವರ್ಷದ ಚುನಾವಣೆಯಲ್ಲಿ ಗುಲಾಮರ ಮೊಮ್ಮಗ ಡಗ್ಲಸ್ ವೈಲ್ಡರ್ ಅದೇ ವರ್ಜೀನಿಯಾದ ಗವರ್ನರ್ ಆಗಿ ಆಯ್ಕೆಯಾದದ್ದು ಏಳು ಸಾವಿರಕ್ಕೂ ಕಡಿಮೆ ಓಟಿನ ಅಂತರದಲ್ಲಿ.

ಗೆಳೆಯರೆ, ನಮ್ಮ ವಿಮರ್ಶೆಯ ಬಗ್ಗೆ ನನ್ನದೊಂದು ತಕರಾರಿದೆ. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಹೆಸರು ತೆಗೆದುಕೊಂಡಂದಿನಿಂದ ಕಪ್ಪು ಅಮೆರಿಕದಿಂದ ನಾವು ಸಿಟ್ಟನ್ನು ತಂದೆವು, ಕವಿತೆ ತಂದೆವು. ದರ್ಜಿ ಹೆಂಗಸಿನ ರಸೀದಿಯ ಜಗಳವನ್ನು ತರಲಿಲ್ಲ, ಯಾಕಂದ್ರೆ ಅದರಲ್ಲಿ ರೂಪಕ ಕಾಣಲಿಲ್ಲ. ಬಾಬಾಸಾಹೇಬರು ಹಾಗಿರಲಿಲ್ಲ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಿಂತು ಅವರು ವಾದಿಸಿದ್ದು ಇದನ್ನೇ: ಯಾರಿಗೆ ಓಟು, ಯಾವ ಅರ್ಹತೆಯ ಮೇಲೆ. ಮುಂದೆ ಸೈಮನ್ ಆಯೋಗದ ಕಾಲದಲ್ಲಿ ವಯಸ್ಕರೆಲ್ಲರಿಗೂ ಓಟು ಕೇಳಿದರು, ಅಕ್ಷರ ಬಾರದವರನ್ನು ಹೊರಗಿಡಬಾರದು ಅಂದರು. 1946ರಲ್ಲಿ ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದಾಗ ಅವರು ಕೇಳಿದ್ದು ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿಯನ್ನು. ಅರ್ಜಿ, ಪ್ರತಿ, ಪಟ್ಟಿ ಇವು ಅವರಿಗೆ ಸಣ್ಣ ವಿಷಯಗಳಾಗಿರಲಿಲ್ಲ.

1993ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಓಟು ಬಂದಾಗ ನಾನು ಮೊದಲೇ ಹೋಗಿ ಕರಡು ಪಟ್ಟಿ ನೋಡಿದೆ. ಅವ್ವನ ಹೆಸರಿತ್ತು, ಗಂಡನ ಹೆಸರಿನ ಜಾಗದಲ್ಲಿ ಇನ್ಯಾರದೋ ಹೆಸರು. ತಿದ್ದಿಸಲು ತಾಲ್ಲೂಕು ಕಚೇರಿಗೆ ಮೂರು ಸಲ ಅಲೆದೆ. ಬಸ್ ಚಾರ್ಜು ಎಷ್ಟಾಯಿತು ಅಂತ ಅವ್ವ ಕೇಳಿದಳು. ಲೆಕ್ಕ ಇಟ್ಟಿರಲಿಲ್ಲ.