ಬೀದಿದೀಪದ ಕೆಳಗಿನ ಆಕಾಶ

ಈ ಶಾಲೆಯಲ್ಲಿ ಕಲಿತು, ದುಡಿಮೆಯನ್ನರಸಿ ಗದಗ ಸೀಮೆಯನ್ನು ಬಿಟ್ಟು ಗೋವೆಗೆ ಬಂದು, ಕೊರ್ತಾಲಿಮ್ ಹಾಗೂ ಜುವಾರಿನಗರದ ಸುತ್ತಮುತ್ತ ನೆಲೆಸಿದವರು ನಾವು. ಶತಮಾನೋತ್ಸವದ ಕರೆಯೋಲೆ ಬಂದಾಗ ನಾವೆಲ್ಲ ಒಂದೆಡೆ ಸೇರಿ, ಶಾಲೆಯ ಬಯಲಿಗೆ ಹೈಮಾಸ್ಟ್ ದೀಪವೊಂದನ್ನು ಕಾಣಿಕೆಯಾಗಿ ಕೊಡಬೇಕೆಂದು ನಿಶ್ಚಯಿಸಿದೆವು. ನಾವು ಕಲಿಯುವಾಗ ಸಂಜೆಯಾಯಿತೆಂದರೆ ಆ ಬಯಲು ಕತ್ತಲೆಯ ಮಡುವಾಗುತ್ತಿತ್ತು. ಅದೇ ಕತ್ತಲೆಯಲ್ಲಿ ಗುರುಗಳು ನಮ್ಮನ್ನು ನಿಲ್ಲಿಸಿ, ಸಪ್ತರ್ಷಿಮಂಡಲದ ಮುಂದಿನ ಎರಡು ಚುಕ್ಕಿಗಳಿಂದ ಗೆರೆ ಎಳೆದು ಧ್ರುವನಕ್ಷತ್ರವನ್ನು ಹುಡುಕಲು ಕಲಿಸಿದ್ದರೆಂಬುದು ಅಂದಿನ ಮಾತುಕತೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ನೆನಪಾದದ್ದು ಕೆಲವು ದಿನಗಳ ಅನಂತರ, ಅದೇ ಪಾಠವನ್ನು ನಮ್ಮ ಮಕ್ಕಳಿಗೆ ಕೊರ್ತಾಲಿಮ್‌ನಲ್ಲಿ ಹೇಳಿಕೊಡಲು ಹೋಗಿ ಸೋತಾಗ. ಆ ಸೋಲಿನ ಕಾರಣವನ್ನು ಹುಡುಕುತ್ತ ನಾವು ತಿಳಿದುಕೊಂಡ ಚರಿತ್ರೆಯೇ ಈ ಲೇಖನ.

ಕನ್ನಡನಾಡಿನಲ್ಲಿ ಬೀದಿಯ ಬೆಳಕಿನ ಕಥೆ ಹೆಮ್ಮೆಯ ಕಥೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅದುವರೆಗೆ ಸೀಮೆಎಣ್ಣೆಯ ದೀಪಗಳನ್ನು ಸಂಜೆ ಒಬ್ಬೊಬ್ಬರಾಗಿ ಹೊತ್ತಿಸುತ್ತ ಹೋಗಬೇಕಿತ್ತು. ಹಳ್ಳಿಗಳಿಗೆ ಈ ಭಾಗ್ಯ ಬಂದದ್ದು ಬಹಳ ತಡವಾಗಿ. ನಮ್ಮ ಓಣಿಯ ಕಂಬಕ್ಕೆ ಮೊದಲು ಬಂದ ಬಲ್ಬಿನ ಬೆಳಕು ಕಂಬದ ಬುಡವನ್ನು ದಾಟುತ್ತಿರಲಿಲ್ಲ. ಹತ್ತು ಹೆಜ್ಜೆ ಆಚೆ ನಡೆದರೆ ಆಕಾಶಗಂಗೆ ತಲೆಯ ಮೇಲೆ ಹರಡಿಕೊಂಡಿರುತ್ತಿತ್ತು. ಆ ಬಲ್ಬಿನ ಕೆಳಗೆ ಕುಳಿತು ಓದಿ ಪರೀಕ್ಷೆ ಪಾಸಾದವರು ನಮ್ಮಲ್ಲಿದ್ದಾರೆ. ಆದುದರಿಂದ ದೀಪವನ್ನು ದೂರುವ ಹಕ್ಕು ನಮಗಿಲ್ಲ.

ಕತ್ತಲೆಯ ವಿಷಯದಲ್ಲಿ ನಮ್ಮ ಜನಕ್ಕಿದ್ದ ಅಳುಕಿಗೆ ಒಂದು ನಿದರ್ಶನವನ್ನು ಇಲ್ಲಿ ಹೇಳಬೇಕು. 1980ರ ಫೆಬ್ರವರಿ 16ರಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ಹಾದಿ ಅಂಕೋಲೆಯ ಕಡಲತೀರದಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಅದನ್ನು ನೋಡಲು ದೇಶವಿದೇಶಗಳ ವಿಜ್ಞಾನಿಗಳು ನಮ್ಮ ಸೀಮೆಗೆ ಬಂದರು. ನಮ್ಮ ಮನೆಗಳವರು ಮಾತ್ರ ನಮ್ಮನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಹಗಲಿನಲ್ಲಿ ಎರಡು ನಿಮಿಷಕ್ಕೂ ಮಿಕ್ಕಿ ಕವಿದ ಕತ್ತಲೆಗೆ ಅಷ್ಟು ಅಂಜಿದ ನಾವು, ಮುಂದೆ ಇರುಳಿನ ಕತ್ತಲೆ ಸದ್ದಿಲ್ಲದೆ ಕರಗುತ್ತಿದ್ದಾಗ ಅದನ್ನು ಗಮನಿಸಲೇ ಇಲ್ಲ.

ಗೋವೆಯ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸ್ ಆಳ್ವಿಕೆ ಮುಗಿದ ಮೇಲೆ, 1963ರಲ್ಲಿ ಇಲ್ಲಿಯ ವಿದ್ಯುತ್ ಇಲಾಖೆ ಸ್ಥಾಪನೆಯಾಯಿತು. ಕೊರ್ತಾಲಿಮ್ ಆಗ ಜುವಾರಿ ನದಿಯ ದಕ್ಷಿಣ ದಂಡೆಯ ಒಂದು ದೋಣಿಗಟ್ಟೆ. ಎದುರು ದಂಡೆಯ ಆಗಶಿಗೆ ಹೋಗಬೇಕಾದವರು ಫೆರಿಯನ್ನು ಕಾಯಬೇಕಿತ್ತು. 1983ರಲ್ಲಿ ಜುವಾರಿ ಸೇತುವೆ ತೆರೆಯಿತು. ಅದರ ಪಕ್ಕದಲ್ಲಿ ಎದ್ದ ಹೊಸ ಕೇಬಲ್ ಸೇತುವೆಯ ಮೊದಲ ಭಾಗದ ಮೇಲೆ 2022ರ ಡಿಸೆಂಬರಿನಲ್ಲಿ ಸಂಚಾರ ಆರಂಭವಾಯಿತು. ಹೆದ್ದಾರಿ, ಕಾರ್ಖಾನೆ, ವಿಮಾನ ನಿಲ್ದಾಣ, ಬಂದರುಗಳ ನಡುವೆ ಸಿಕ್ಕಿದ ಈ ಊರಿನ ಸುತ್ತ ಇಂದು ಇರುಳಿಡೀ ಬೆಳಕು.

ಬೀದಿದೀಪಗಳು ಹೆಚ್ಚಾದುದಷ್ಟೇ ಅಲ್ಲ, ಅವುಗಳ ಬಣ್ಣವೂ ಬದಲಾಯಿತು. ಸಾದಾ ಬಲ್ಬಿನ ಅನಂತರ ಟ್ಯೂಬ್‌ಲೈಟು, ನೀಲಿಛಾಯೆಯ ಪಾದರಸದ ದೀಪ, ಆಮೇಲೆ ಹಳದಿ ಬೆಳಕಿನ ಸೋಡಿಯಂ ದೀಪ ಬಂದವು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬೀದಿದೀಪ ಯೋಜನೆಯ ತರುವಾಯ ದೇಶದೆಲ್ಲೆಡೆ ಬಿಳಿಯ ಎಲ್‌ಇಡಿ ದೀಪಗಳು ಅವುಗಳ ಜಾಗವನ್ನು ತುಂಬಿದವು. ಇವು ವಿದ್ಯುತ್ತನ್ನು ಉಳಿಸುತ್ತವೆಂಬುದು ನಿಜ. ಆದರೆ ಬಿಳಿಯ ಎಲ್‌ಇಡಿಯಲ್ಲಿ ಸುಮಾರು 450 ನ್ಯಾನೋಮೀಟರಿನ ನೀಲಿ ಬೆಳಕು ಪ್ರಬಲವಾಗಿರುತ್ತದೆ. ಹಗಲಿನ ಬಾನನ್ನು ನೀಲಿಯಾಗಿಸುವ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ: ಗಾಳಿಯ ಕಣಗಳು ಈ ನೀಲಿಯನ್ನು ಸೋಡಿಯಂ ದೀಪದ 589 ನ್ಯಾನೋಮೀಟರಿನ ಹಳದಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರಿಸುತ್ತವೆ. ಚದುರಿದ ಬೆಳಕು ಬಾನಿಗೆ ತೆರೆಯಾಗುತ್ತದೆ. ಅಪ್ಪಟ ಕತ್ತಲೆಯಲ್ಲಿ ಬರಿಗಣ್ಣಿಗೆ ಒಮ್ಮೆಗೆ ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರಗಳು ಕಾಣುತ್ತವೆ. ದೊಡ್ಡ ನಗರದ ನಡುವೆ ಕೆಲವು ಹತ್ತುಗಳು ಕಂಡರೆ ಹೆಚ್ಚು.

ಗದಗ ಮತ್ತು ಕೊರ್ತಾಲಿಮ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ ಕಡೆ ಧ್ರುವನಕ್ಷತ್ರ ಉತ್ತರ ದಿಗಂತದಿಂದ ಸುಮಾರು ಹದಿನೈದು ಡಿಗ್ರಿ ಮಾತ್ರ ಮೇಲಿರುತ್ತದೆ. ಕೊರ್ತಾಲಿಮ್‌ನ ಉತ್ತರಕ್ಕೆ ಇರುವುದು ಸೇತುವೆ, ಅದರಾಚೆಗೆ ಪಣಜಿಯ ಹೊಳಪು. ಗುರುಗಳು ತೋರಿಸಿದ ಧ್ರುವ ಇದ್ದಲ್ಲಿಯೇ ಇದೆ. ನಮ್ಮ ಮಕ್ಕಳ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಈ ಬದಲಾವಣೆಯ ಪೆಟ್ಟು ಹೆಚ್ಚಾಗಿ ತಗುಲಿದ್ದು ಹವ್ಯಾಸಿ ಆಕಾಶವೀಕ್ಷಕರಿಗೆ. ವೃತ್ತಿಯ ಖಗೋಳವಿಜ್ಞಾನಿಗಳು ಕತ್ತಲೆಯನ್ನು ಹಿಂಬಾಲಿಸಿ ಹೋಗಬಲ್ಲರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೊಡ್ಡ ದೂರದರ್ಶಕಗಳಿರುವುದು ಬೆಂಗಳೂರಿನಲ್ಲಲ್ಲ, ತಮಿಳುನಾಡಿನ ಕಾವಲೂರಿನಲ್ಲಿ ಮತ್ತು ಲಡಾಖಿನ ಹಾನ್ಲೆಯಲ್ಲಿ. ಹವ್ಯಾಸಿಗೆ ತನ್ನ ಮನೆಯ ಮಾಳಿಗೆಯೇ ವೀಕ್ಷಣಾಲಯ. ಗೋವೆಯಲ್ಲಿ ಪರ್ಸಿವಲ್ ನೊರೊನ್ಹಾ ಅವರು 1982ರಲ್ಲಿ ಕಟ್ಟಿದ ‘ಅಸೋಸಿಯೇಷನ್ ಆಫ್ ಫ್ರೆಂಡ್ಸ್ ಆಫ್ ಆಸ್ಟ್ರಾನಮಿ’ ಪಣಜಿಯ ಜುಂತಾ ಹೌಸಿನ ಮಾಳಿಗೆಯಿಂದ ಜನಸಾಮಾನ್ಯರಿಗೆ ಆಕಾಶವನ್ನು ತೋರಿಸುತ್ತ ಬಂದಿದೆ. ಚಂದ್ರನ ಕುಳಿಗಳು, ಗುರುವಿನ ಉಪಗ್ರಹಗಳು, ಶನಿಯ ಬಳೆಗಳು ನಗರದ ಬೆಳಕಿನಲ್ಲಿಯೂ ದೂರದರ್ಶಕಕ್ಕೆ ಕಾಣುತ್ತವೆ. ಆಕಾಶಗಂಗೆ, ಆಂಡ್ರೊಮೇಡಾ, ಉಲ್ಕೆಗಳ ಮಳೆ ಹಾಗಲ್ಲ. ಅವಕ್ಕೆ ಕತ್ತಲೆಯೇ ಬೇಕು. ಜಿ.ಟಿ. ನಾರಾಯಣ ರಾವ್ ಅವರಂಥವರು ಕನ್ನಡದಲ್ಲಿ ನಕ್ಷತ್ರಗಳ ಬಗೆಗೆ ಬರೆದುದನ್ನು ಓದಿದ ಬಾಲಕನು ಹೊರಗೆ ಬಂದು ತಲೆ ಎತ್ತಿದರೆ, ಓದಿದುದರ ಬಹುಪಾಲು ಅವನ ಊರಿನ ಮೇಲೆ ಇರುವುದಿಲ್ಲ.

ಹಾನ್ಲೆಯ ಉದಾಹರಣೆ ನಮಗೆ ದಾರಿ ತೋರಿಸಿತು. 2022ರಲ್ಲಿ ಆ ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿಯ ಹಳ್ಳಿಗರು ದೀಪಗಳನ್ನು ತೊರೆಯಲಿಲ್ಲ. ಬೆಳಕು ಮೇಲಕ್ಕೆ ಚೆಲ್ಲದಂತೆ ಅವುಗಳಿಗೆ ಮರೆ ಕಟ್ಟಿದರು.

ಈ ವಿಚಾರ ನಮ್ಮ ಮುಂದಿನ ಸಭೆಯಲ್ಲಿ ಚರ್ಚೆಗೆ ಬಂದಿತು. ಹೈಮಾಸ್ಟ್ ಬೇಡವೆಂದು ಕೆಲವರೆಂದರು. ನಮ್ಮ ಸಹಪಾಠಿ ಅಕ್ಕತಂಗಿಯರು ಅದನ್ನು ಒಪ್ಪಲಿಲ್ಲ. ಸಂಜೆಯ ತರಗತಿ ಮುಗಿಸಿ ಹೆಣ್ಣುಮಕ್ಕಳು ಆ ಬಯಲನ್ನು ದಾಟಿ ಬರಬೇಕು, ಚುಕ್ಕಿಗಳಿಗಾಗಿ ಅವರನ್ನು ಕತ್ತಲೆಯಲ್ಲಿ ನಡೆಸುವಿರಾ ಎಂದು ಅವರು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ತೀರ್ಮಾನಕ್ಕೆ ಬಂದೆವು. ಒಂದು ಎತ್ತರದ ಹೈಮಾಸ್ಟಿನ ಬದಲು, ನಡೆದಾಡುವ ದಾರಿಯುದ್ದಕ್ಕೂ ತಗ್ಗಾದ ಕಂಬಗಳು. ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೆ ಮುಚ್ಚಳ. ಬಿಳಿಯ ಬದಲು ಹಳದಿಛಾಯೆಯ ದೀಪ. ಬೇಕಾದಾಗ ಆರಿಸಲು ಶಾಲೆಯ ಕೈಯಲ್ಲಿಯೇ ಒಂದು ಸ್ವಿಚ್ಚು. ಉಳಿದ ಹಣದಲ್ಲಿ ಒಂದು ಸಣ್ಣ ದೂರದರ್ಶಕ.

ಆಡಳಿತ ಮಂಡಳಿಯವರಲ್ಲಿ ನಮ್ಮ ಬಿನ್ನಹ ಇಷ್ಟೇ. ಉತ್ಸವದ ದಿನಗಳಲ್ಲಿ ಶಾಲೆಗೆ ದೀಪಾಲಂಕಾರವಾಗಲಿ. ಆದರೆ ಒಂದು ಇರುಳು, ಒಂದು ಗಂಟೆಯ ಕಾಲ, ಎಲ್ಲ ದೀಪಗಳನ್ನೂ ಆರಿಸಿ ಮಕ್ಕಳನ್ನು ಬಯಲಿಗೆ ಕರೆತನ್ನಿ. ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆ ಬೇಕಾದೀತು. ಆ ವೇಳೆಗೆ ನಾವೂ ನಮ್ಮ ಮಕ್ಕಳನ್ನು ಕರೆದುಕೊಂಡು ಕೊರ್ತಾಲಿಮ್‌ನಿಂದ ಬಂದು, ಅವರೊಡನೆ ಉತ್ತರಕ್ಕೆ ಮುಖಮಾಡಿ ನಿಂತಿರುತ್ತೇವೆ.