ಹಳೆಯ ಸ್ಪೀಕರ್‌ಗಳ ಜೋಡಣೆ ಮತ್ತು ಮಾರ್ಪಾಡು: ಶಿರಸಿ, ಸಿದ್ದಾಪುರ, ಯಲ್ಲಾಪುರ

ವಾಲ್ವ್ ರೇಡಿಯೊ, ಟೇಪ್ ರೆಕಾರ್ಡರ್, ಸ್ಟೀರಿಯೊ ಡೆಕ್, ಕಾರ್ ಸ್ಟೀರಿಯೊ ಮುಂತಾದವುಗಳಿಂದ ಬಿಚ್ಚಿದ ಸ್ಪೀಕರ್‌ಗಳನ್ನು ದುರಸ್ತಿ ಮಾಡಿ, ಒಂದಕ್ಕೊಂದು ಹೊಂದಿಸಿ, ಬೇರೆ ಪೆಟ್ಟಿಗೆಯಲ್ಲಿ ಕೂರಿಸಿ ಮನೆಯ ಕೇಳ್ಮೆಯನ್ನು ಉತ್ತಮಪಡಿಸುವ ಕೆಲಸ. ಇದರ ವಿದ್ಯುತ್ ಲೆಕ್ಕ ಎಲ್ಲ ಊರಿಗೂ ಒಂದೇ. ಆದರೆ ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಎರಡು ಸಂಗತಿಗಳು ಅದರ ರೀತಿಯನ್ನು ಬದಲಿಸುತ್ತವೆ: ಒಂದು ಮಳೆ, ಇನ್ನೊಂದು ತಾಳಮದ್ದಲೆ. ಕೇಳುವುದು ಮುಖ್ಯವಾಗಿ ಮನುಷ್ಯನ ಮಾತು ಮತ್ತು ಭಾಗವತರ ಪದ್ಯವಾದಾಗ, ಗುಡುಗುವ ಬಾಸ್‌ಗಿಂತ ಮಾತಿನ ಅಕ್ಷರ ಬಿಡಿಬಿಡಿಯಾಗಿ ಕಿವಿಗೆ ಬೀಳುವುದೇ ಒಳ್ಳೆಯ ಜೋಡಣೆಯ ಅಳತೆಗೋಲು.

ಹಿನ್ನೆಲೆ

ಇಂದಿಗೂ ಬಳಕೆಯಲ್ಲಿರುವ ಚಲಿಸುವ ಕಾಯಿಲ್‌ನ ಸ್ಪೀಕರಿಗೆ ಖಚಿತ ರೂಪ ಬಂದದ್ದು 1925ರಲ್ಲಿ, ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರ ಪ್ರಬಂಧದಿಂದ. ಸ್ಟೀರಿಯೊ ಧ್ವನಿಯ ಮೂಲ ಪೇಟೆಂಟಿಗೆ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಅರ್ಜಿ ಹಾಕಿದ್ದು 1931ರಲ್ಲಿ. ಘಟ್ಟದ ಮೇಲಿನ ಮನೆಗಳಿಗೆ ಮೊದಲು ಬಂದದ್ದು ರೇಡಿಯೊ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಮತ್ತು 1957ರ ವಿವಿಧ ಭಾರತಿ ಅದಕ್ಕೆ ಕೇಳುಗರನ್ನು ಕೊಟ್ಟವು. ಫಿಲಿಪ್ಸ್, ಮರ್ಫಿ, ಬುಶ್ ರೇಡಿಯೊಗಳಲ್ಲಿದ್ದ ಕಾಗದದ ಅಂಚಿನ ಸ್ಪೀಕರ್‌ಗಳು ಈಗಲೂ ಮೆತ್ತಿನ ಮೇಲೆ ಸಿಗುವುದುಂಟು. ನಾಲ್ಕೈದು ವಾಟ್‌ನಲ್ಲೇ ನಡುಮನೆ ತುಂಬ ಕೇಳಬೇಕೆಂದು ಮಾಡಿದವಾದ್ದರಿಂದ ಅವುಗಳ ಸಂವೇದನೆ ಹೆಚ್ಚು.

ಕ್ಯಾಸೆಟ್ ಬಂದಮೇಲೆ ಯಕ್ಷಗಾನ ಮನೆಯೊಳಗೆ ಬಂತು. ಕಾಳಿಂಗ ನಾವಡರ ಪದ್ಯ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕ್ಯಾಸೆಟ್‌ಗಳಲ್ಲಿ ಕರಾವಳಿ, ಮಲೆನಾಡು ತುಂಬ ಓಡಾಡಿದವು. ಅವನ್ನು ಕೇಳಲು ಕೊಂಡ ಡೆಕ್ ಮತ್ತು ಸೌಂಡ್ ಬಾಕ್ಸ್‌ಗಳೇ ಈ ಲೇಖನದ ಕಚ್ಚಾ ಸಾಮಗ್ರಿ.

ಮಳೆಗಾಲ ಮಾಡುವ ಹಾನಿ

ಶಿರಸಿಯ ವಾರ್ಷಿಕ ಮಳೆ ಸುಮಾರು 2,500 ಮಿ.ಮೀ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಆರುವುದಿಲ್ಲ. ಇದರ ಮೊದಲ ಬಲಿ ಸ್ಪೀಕರಿನ ಫೋಮ್ ಅಂಚು. 1970ರ ದಶಕದಿಂದ ವ್ಯಾಪಕವಾದ ಪಾಲಿಯುರೆಥೇನ್ ಫೋಮ್ ತೇವಾಂಶದೊಂದಿಗೆ ವರ್ತಿಸಿ ಅಂಟುಅಂಟಾಗುತ್ತದೆ, ಕೊನೆಗೆ ಬೆರಳು ತಾಗಿಸಿದರೆ ಉದುರುತ್ತದೆ. ನೋಡಲು ದುಬಾರಿಯಾದ ಸ್ಟೀರಿಯೊ ಬಾಕ್ಸ್ ಕೆಟ್ಟು ಕೂತಿರುವಾಗ ಅದಕ್ಕಿಂತ ಹಿಂದಿನ ರೇಡಿಯೊದ ಕಾಗದದ ಅಥವಾ ಬಟ್ಟೆಯ ಅಂಚಿನ ಸ್ಪೀಕರ್ ಗಟ್ಟಿಯಾಗಿ ಉಳಿದಿರುವುದು ಹೀಗೆ. ಅಂಚು ಹೋದರೂ ಕೋನ್ ಮತ್ತು ಕಾಯಿಲ್ ಸರಿಯಿದ್ದರೆ ಸ್ಪೀಕರ್ ಎಸೆಯಬೇಕಿಲ್ಲ. ನಡುವಿನ ಟೊಪ್ಪಿ ಬಿಡಿಸಿ, ಕಾಯಿಲ್ ಸುತ್ತ ಎಕ್ಸ್‌ರೇ ಫಿಲ್ಮಿನ ಸಣ್ಣ ಪಟ್ಟಿಗಳನ್ನು ಇಳಿಸಿ ನಡುವಿಗೆ ನಿಲ್ಲಿಸಿ, ಹೊಸ ಅಂಚು ಅಂಟಿಸಿ, ಅಂಟು ಪೂರ್ತಿ ಆರಿದಮೇಲೆ ಪಟ್ಟಿ ತೆಗೆಯಬೇಕು. ಆರುವ ಮುನ್ನ ತೆಗೆದರೆ ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುತ್ತದೆ. ಮಳೆಗಾಲದಲ್ಲಿ ಈ ಕೆಲಸ ಹಿಡಿಯದಿರುವುದೇ ಒಳ್ಳೆಯದು.

ಚಿಪ್‌ಬೋರ್ಡ್ ಪೆಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ಪ್ಲೈವುಡ್ ಮತ್ತು ಹಲಸಿನ ಹಲಗೆ ತಡೆಯುತ್ತವೆ. ಜಿರಳೆ ಕೋನಿನ ಅಂಟು ತಿನ್ನುತ್ತದೆ. ಪೆಟ್ಟಿಗೆಯ ಗಾಳಿರಂಧ್ರದಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದೂ ಇದೆ. ಬಾಸ್ ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೊದಲು ಅಲ್ಲಿ ಬೆರಳು ಹಾಕಿ ನೋಡಬೇಕು.

ಜೋಡಣೆಯ ಲೆಕ್ಕ

8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್, ಸರಣಿಯಲ್ಲಿ ಜೋಡಿಸಿದರೆ 16 ಓಮ್. ಆಂಪ್ಲಿಫೈಯರ್ ತಾಳುವ ಕನಿಷ್ಠ ಓಮ್‌ಗಿಂತ ಕೆಳಗಿಳಿದರೆ ಐಸಿ ಕಾಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಭಾಗ. ಎಡವಟ್ಟಾಗುವುದು ಬೇರೆಬೇರೆ ಜಾತಿಯ ಸ್ಪೀಕರ್‌ಗಳನ್ನು ಸರಣಿಯಲ್ಲಿ ಜೋಡಿಸಿದಾಗ. ಓಮ್ ಎನ್ನುವುದು ಸ್ಥಿರ ಸಂಖ್ಯೆಯಲ್ಲ. ತನ್ನ ಅನುರಣನದ ಕಂಪನಾಂಕದಲ್ಲಿ 8 ಓಮ್‌ನ ಸ್ಪೀಕರ್ ಅದರ ಹಲವು ಪಟ್ಟು ತಡೆ ತೋರಿಸುತ್ತದೆ, ಆಗ ಸರಣಿಯಲ್ಲಿರುವ ಇನ್ನೊಂದಕ್ಕೆ ವಿದ್ಯುತ್ತು ತಲುಪುವುದೇ ಕಡಿಮೆ. ಹೀಗೆ ಎರಡೂ ಒಂದರ ದನಿಯನ್ನೊಂದು ಕೆಡಿಸುತ್ತವೆ. ಸರಣಿ ಬೇಕೆಂದರೆ ಒಂದೇ ಮಾದರಿಯ ಜೋಡಿಯೇ ಇರಬೇಕು.

ಸಂವೇದನೆಯ ವ್ಯತ್ಯಾಸ ಇನ್ನೊಂದು. 92 ಡೆಸಿಬೆಲ್‌ನ ಹಳೆಯ ರೇಡಿಯೊ ಸ್ಪೀಕರಿನ ಪಕ್ಕ 86 ಡೆಸಿಬೆಲ್‌ನ ಡೆಕ್ ಸ್ಪೀಕರ್ ಕೂರಿಸಿದರೆ, ಎರಡನೆಯದು ಸರಿಸಮ ಕೇಳಲು ನಾಲ್ಕು ಪಟ್ಟು ವಾಟ್ ಬೇಡುತ್ತದೆ. ಆದ್ದರಿಂದ ಜೋರಾಗಿರುವುದಕ್ಕೆ ತಡೆ ಹಾಕಿ ತಗ್ಗಿಸಬೇಕು. ಧ್ರುವ ನೋಡಲು ಒಂದೂವರೆ ವೋಲ್ಟಿನ ಸೆಲ್ ಸಾಕು. ಸೆಲ್ ತಾಗಿಸಿದಾಗ ಕೋನ್ ಹೊರಗೆ ನೆಗೆದರೆ ಸೆಲ್ಲಿನ ಧನ ತುದಿ ತಾಗಿದ ಕಡ್ಡಿಯೇ ಧನ. ಒಂದು ಸ್ಪೀಕರ್ ಉಲ್ಟಾ ಆದರೂ ಬಾಸ್ ಮಾಯವಾಗುತ್ತದೆ.

ತೀರ ಹಳೆಯ ಕೆಲವು ರೇಡಿಯೊಗಳ ಸ್ಪೀಕರಿನಲ್ಲಿ ಮ್ಯಾಗ್ನೆಟ್ ಬದಲು ವಿದ್ಯುತ್ ಸುರುಳಿ ಇರುತ್ತದೆ. ಅದನ್ನು ಬಿಚ್ಚಿ ಬೇರೆ ಕಡೆ ಬಳಸಲು ಪ್ರತ್ಯೇಕ ಡಿ.ಸಿ. ಸರಬರಾಜು ಬೇಕು; ಗೋಜಿಗೆ ಹೋಗದಿರುವುದು ಲೇಸು.

ಮಾತು ಒಂದೇ ಕೋನಿನಿಂದ

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಯ ವಾದ, ಕೊಂಕು, ತಟ್ಟನೆ ಬರುವ ಮರುನುಡಿ ಎಲ್ಲವೂ ಧ್ವನಿಯಲ್ಲೇ ಇವೆ. ಸ್ವರಗಳ ಬಲ ಇರುವುದು ಕೆಳಗಿನ ಮತ್ತು ನಡುವಿನ ಕಂಪನಾಂಕಗಳಲ್ಲಿ. ಸ, ಶ, ತ, ಚಗಳ ಗುರುತು ಸುಮಾರು 2,000ದಿಂದ 8,000 ಹರ್ಟ್ಸ್ ನಡುವೆ. ಈ ಎರಡನ್ನೂ ಎರಡು ಬೇರೆ ಸ್ಪೀಕರ್‌ಗಳಿಗೆ ಹಂಚಿದರೆ ಒಬ್ಬನೇ ಅರ್ಥಧಾರಿ ಎರಡು ಕಡೆ ಕೂತು ಮಾತಾಡಿದಂತಾಗುತ್ತದೆ.

ಹಂಚಿಕೆ ಎಲ್ಲಿ ಆಗುತ್ತದೆಂಬುದನ್ನು ನಿರ್ಧರಿಸುವುದು ಟ್ವೀಟರಿನ ಕಂಡೆನ್ಸರ್. 8 ಓಮ್‌ನ ಟ್ವೀಟರಿಗೆ 10 ಮೈಕ್ರೊಫ್ಯಾರಡ್ ಹಾಕಿದರೆ ಅದು ಸುಮಾರು 2,000 ಹರ್ಟ್ಸ್‌ನಿಂದಲೇ ಬಾಯಿ ಹಾಕುತ್ತದೆ, 4.7 ಹಾಕಿದರೆ 4,200ರಿಂದ, 2.2 ಹಾಕಿದರೆ 9,000ದ ಆಸುಪಾಸಿನಿಂದ. ಸಿನಿಮಾ ಹಾಡಿಗೆ 4.7 ಚೆನ್ನ. ತಾಳಮದ್ದಲೆಗೆ 2.2 ಹಾಕಿ, ಮಾತನ್ನೆಲ್ಲ ಎಂಟಿಂಚಿನ ಅಥವಾ ಆರಿಂಚಿನ ಫುಲ್‌ರೇಂಜ್ ಸ್ಪೀಕರಿಗೆ ಬಿಟ್ಟು, ಚಂಡೆಯ ಮೊನಚು ಮತ್ತು ತಾಳದ ಕಿಣಿಕಿಣಿಯನ್ನಷ್ಟೇ ಟ್ವೀಟರಿಗೆ ಕೊಡುವುದು ವಾಸಿ. ಹಳೆಯ ಬಾಕ್ಸಿನ ಎಲೆಕ್ಟ್ರೊಲೈಟಿಕ್ ಕಂಡೆನ್ಸರಿನ ಮೈಕ್ರೊಫ್ಯಾರಡ್ ಮೌಲ್ಯ ಕಾಲಕ್ರಮದಲ್ಲಿ ಬದಲಾಗಿರುತ್ತದೆ. ಮೂಲ ಮೌಲ್ಯದ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕಂಡೆನ್ಸರ್ ಹಾಕುವುದು ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲದ ಮಾರ್ಪಾಡು.

ಒಂದು ಸ್ಪೀಕರ್ ಸಾಕೋ, ಎರಡು ಬೇಕೋ? ಮೈಕ್‌ಸೆಟ್‌ನಿಂದ ಟೇಪಿಗೆ ಇಳಿದ ಎಷ್ಟೋ ಪ್ರಸಂಗಗಳು ಮೊನೊ. ಅವನ್ನು ಸ್ಟೀರಿಯೊ ಜೋಡಿಯಲ್ಲಿ ಹಾಕಿದಾಗ ದನಿ ನಡುವಿನಿಂದ ಬಂದಂತೆ ತೋರುತ್ತದೆ ನಿಜ. ಆದರೆ ಪ್ರತಿ ಕಿವಿಗೂ ಎರಡೂ ಸ್ಪೀಕರಿನ ದನಿ ಮುಟ್ಟುತ್ತದೆ, ದೂರದ್ದು ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ. ಈ ತಡದಿಂದ 2,000 ಹರ್ಟ್ಸ್ ಸುತ್ತ ದನಿ ಸ್ವಲ್ಪ ಕುಗ್ಗುತ್ತದೆ, ಅಂದರೆ ವ್ಯಂಜನಗಳು ಶುರುವಾಗುವಲ್ಲಿಯೇ. ಮೊನೊ ತಾಳಮದ್ದಲೆಯನ್ನು ಒಂದೇ ಒಳ್ಳೆಯ ಸ್ಪೀಕರಿನಲ್ಲಿ ಕೇಳಿದರೆ ಮಾತು ಹೆಚ್ಚು ಸ್ಪಷ್ಟವಾಗುವುದು ಇದರಿಂದ. ಹೆಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಏಕೆಂದರೆ ಮಳೆಯ ಸದ್ದು ಮೊದಲು ಮುಚ್ಚುವುದು ಮೆಲ್ಲನೆಯ ವ್ಯಂಜನಗಳನ್ನೇ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಹಳೆಯ ಮೊನೊ ಮುದ್ರಣಗಳಿಗೂ ಇದೇ ಮಾತು ಸಲ್ಲುತ್ತದೆ. ಸ್ಟೀರಿಯೊದಲ್ಲೇ ಮುದ್ರಿಸಿದ್ದಕ್ಕೆ ಮಾತ್ರ ಜೋಡಿ ಬೇಕೇ ಬೇಕು.

ಮಡಕೆ ಮತ್ತು ಪೆಟ್ಟಿಗೆ

ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸುವ ಪದ್ಧತಿ ಕರ್ನಾಟಕದ ಹಳ್ಳಿಗಳಲ್ಲಿ ಬಹಳ ಕಡೆ ಕಾಣುತ್ತದೆ. ಮಡಕೆ ಬಾಸ್ ಹೆಚ್ಚಿಸುತ್ತದೆಂಬ ನಂಬಿಕೆ ಅರ್ಧ ಸರಿ. ಗುಂಡಗಿನ ಗೋಡೆ ಬಿಗಿಯಾಗಿರುವುದರಿಂದ ಅದು ತೆಳು ಹಲಗೆಯಂತೆ ಅದುರುವುದಿಲ್ಲ, ಇದು ನಿಜವಾದ ಲಾಭ. ಆದರೆ ಒಳಗಿನ ಗಾಳಿ ಕಡಿಮೆ. 50 ಹರ್ಟ್ಸ್ ಅನುರಣನವುಳ್ಳ, 60 ಲೀಟರ್ ಗಾಳಿಯಷ್ಟು ಸಡಿಲವಾದ ಅಂಚಿನ ಸ್ಪೀಕರನ್ನು 15 ಲೀಟರಿನ ಮಡಕೆಗೆ ಭದ್ರವಾಗಿ ಕೂರಿಸಿದರೆ ಅನುರಣನ ಸುಮಾರು 112ಕ್ಕೆ ಏರುತ್ತದೆ. 60 ಲೀಟರಿನ ಪೆಟ್ಟಿಗೆಯಾದರೆ 71ರಲ್ಲಿ ನಿಲ್ಲುತ್ತದೆ. ಮಡಕೆ ಕೊಡುವುದು ಆಳದ ಬಾಸನ್ನಲ್ಲ, ಗಂಡು ದನಿಯ ಕೆಳಭಾಗಕ್ಕೇ ಅಂಟಿಕೊಳ್ಳುವ ಒಂದು ಗುಂಯ್‌ಗುಡುವಿಕೆಯನ್ನು. ಮದ್ದಲೆಗೆ ಅದು ಹಿತ, ಅರ್ಥಗಾರಿಕೆಗೆ ಅಹಿತ. ಒಳಗೆ ಬೂರುಗದ ಹತ್ತಿಯನ್ನು ಸಡಿಲವಾಗಿ ತುಂಬಿದರೆ ಬಹುಮಟ್ಟಿಗೆ ಇಳಿಯುತ್ತದೆ.

ಹೆಂಚಿನ ಮಾಡು, ಮಣ್ಣಿನ ಗೋಡೆಯ ಮನೆಯಲ್ಲಿ ದನಿ ಮೇಲಕ್ಕೆ ಸೋರುತ್ತದೆ. ಸ್ಲ್ಯಾಬಿನ ಕೋಣೆಯಂತೆ ಬಾಸ್ ಕಟ್ಟಿಕೊಳ್ಳುವುದಿಲ್ಲ. ಪೆಟ್ಟಿಗೆಯನ್ನು ನೆಲಕ್ಕೂ ಮೂಲೆಗೂ ತಾಗಿಸಿಟ್ಟರೆ ಕಾಸು ಖರ್ಚಿಲ್ಲದೆ ಬಾಸ್ ಸಿಗುತ್ತದೆ.

ಮೂರನೆಯ ಸ್ಪೀಕರ್

ಎಡ ಬಲ ಎರಡೂ ಚಾನೆಲ್‌ಗಳ ಧನ ತುದಿಗಳ ನಡುವೆ ಮೂರನೆಯ ಸ್ಪೀಕರ್ ಜೋಡಿಸುವ ವಿಧಾನವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಡೇವಿಡ್ ಹಾಫ್ಲರ್. ಅದರಲ್ಲಿ ಎರಡೂ ಚಾನೆಲ್‌ಗಳ ವ್ಯತ್ಯಾಸ ಮಾತ್ರ ಕೇಳುತ್ತದೆ. ಬೆನ್ನ ಹಿಂದೆ ಜಗಲಿಯಲ್ಲಿಟ್ಟರೆ ಸ್ಟೀರಿಯೊ ಹಾಡಿಗೆ ಸಭಾಂಗಣದ ವಿಸ್ತಾರ ಬರುತ್ತದೆ. ಮೊನೊ ಪ್ರಸಂಗ ಹಾಕಿದರೆ ಅದರಲ್ಲಿ ಟೇಪಿನ ಸುಯ್‌ಗುಟ್ಟುವಿಕೆ ಬಿಟ್ಟು ಹೆಚ್ಚೇನೂ ಬಾರದು. ಸ್ಪೀಕರ್ ಕೆಟ್ಟಿಲ್ಲ, ವ್ಯತ್ಯಾಸವೇ ಇಲ್ಲ.

ಇತ್ತೀಚಿನ ಬೋರ್ಡುಗಳು

4440 ಐಸಿಯ ಬೋರ್ಡು 12 ವೋಲ್ಟಿನ ಬ್ಯಾಟರಿಯಲ್ಲೇ ನಡೆಯುವುದರಿಂದ ಕರೆಂಟು ಕೈಕೊಡುವ ಊರುಗಳಿಗೆ ಒಗ್ಗಿತು. ಸ್ಟೀರಿಯೊ ಜೋಡಣೆಯಲ್ಲಿ ಅದು ಚಾನೆಲಿಗೆ ಸುಮಾರು 6 ವಾಟ್ ಕೊಡುತ್ತದೆ, ಸಂವೇದನೆ ಹೆಚ್ಚಿರುವ ಹಳೆಯ ಸ್ಪೀಕರಿಗೆ ಧಾರಾಳವಾಯಿತು. ಈಗ ಅದೇ ಪೆಟ್ಟಿಗೆಗಳಿಗೆ ಬ್ಲೂಟೂತ್ ಬೋರ್ಡುಗಳು ಸೇರುತ್ತಿವೆ. ಇವುಗಳಲ್ಲಿ ಬಹುಪಾಲು, ಹಾಗೆಯೇ ಹೊಸ ಕಾರ್ ಸ್ಟೀರಿಯೊಗಳು, ಬ್ರಿಜ್ ಮಾದರಿಯವು; ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ಅರ್ತ್ ಅಲ್ಲ. ಹಳೆಯ ಡೆಕ್‌ನಲ್ಲಿದ್ದಂತೆ ಎರಡೂ ಸ್ಪೀಕರಿನ ಋಣ ತಂತಿಗಳನ್ನು ಒಂದು ಮಾಡಿದರೆ ಐಸಿ ಸುಡುತ್ತದೆ. ಮೇಲೆ ಹೇಳಿದ ಮೂರನೆಯ ಸ್ಪೀಕರಿನ ಜೋಡಣೆಯನ್ನೂ ಇವಕ್ಕೆ ಮಾಡಬಾರದು.